ಜಪಾನಿನಲ್ಲಿ ನಿಂತ ಬಸ್ಕಿ

ಕೋಬೆ ಬಂದರು

ಜಪಾನಿನ ನೆಲದ ಮೇಲೆ ಕಾಲಿಟ್ಟಾಗ ನನ್ನ ಕಿವಿಗೆ ಬಿದ್ದ ಮೊದಲ ಮಾತು ಕನ್ನಡದ್ದು. ಅದೂ ಅರಮನೆಯ ಕನ್ನಡವಲ್ಲ, ಚನ್ನಪಟ್ಟಣದ ಸಂತೆಯ ಕನ್ನಡ.

"ನೀನೇನಾ ಕ್ಲೋಸ್‌ಪೇಟೆ ರೇವಣ್ಣೋರ ಮಗ? ಯಾಕಪ್ಪಾ ಇಂಗ್ ಸೊರಗೋಗಿದ್ದೀಯ? ಹಡಗ್ನಲ್ಲಿ ಕೂಳ್ ಹಾಕ್ನಿಲ್ವಾ?"

ತಿರುಗಿ ನೋಡಿದೆ. ಕಪ್ಪು ನಿಲುವಂಗಿ, ತಲೆಗೆ ದೊರೆಗಳ ಟೋಪಿ, ಕಾಲಿಗೆ ಮರದ ಹಾವುಗೆ ಹಾಕಿದ್ದ ಒಬ್ಬ ಗಿಡ್ಡ ಜಪಾನೀಯರು ನನ್ನ ರುಮಾಲನ್ನೇ ನೋಡುತ್ತ ನಗುತ್ತಿದ್ದರು. ಅವರಿಗೆ ಹೇಳಲೆಂದು ಹಡಗಿನಲ್ಲಿ ವಾರಗಟ್ಟಲೆ ಒಂದು ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದರ ಕೆಲಸವೇ ಬೀಳಲಿಲ್ಲ. ಅವರು ನನ್ನ ಗಂಟನ್ನು ತಾವೇ ಎತ್ತಿಕೊಂಡು ಹೊರಟುಬಿಟ್ಟರು.

ಇವರ ಹೆಸರು ತನಾಬೆ. ರೇಷ್ಮೆ ಹುಳು ಸಾಕುವ ಹೊಸ ಕ್ರಮ ಕಲಿಸಲೆಂದು ಬಂದು ಕೆಲವು ವರ್ಷ ಚನ್ನಪಟ್ಟಣದ ಕಡೆ ಇದ್ದವರು. ನಮ್ಮ ರೈತರ ನಾಲಿಗೆಗೆ ತನಾಬೆ ಎನ್ನುವುದು ಹೊರಳಲಿಲ್ಲ, ತಾನಪ್ಪ ಎಂದು ಮಾಡಿಕೊಂಡರು. ಅವರಿಗೂ ಅದು ಒಪ್ಪಿಗೆಯಾಗಿತ್ತು. ಗೂಡಿನ ವ್ಯಾಪಾರ ಮಾಡುತ್ತಿದ್ದ ನಮ್ಮ ತಂದೆಗೆ ಅವರು ಸ್ನೇಹಿತರು. ನಾನಾಗ ಮಾಗಡಿಯ ಅಜ್ಜಿಯ ಮನೆಯಲ್ಲಿ ಓದುತ್ತಿದ್ದುದರಿಂದ ಅವರನ್ನು ಕಂಡವನಲ್ಲ. ಮೊದಲನೆಯ ದೊಡ್ಡ ಯುದ್ಧ ಮುಗಿದು ಹಡಗುಗಳು ಸಲೀಸಾಗಿ ಓಡಾಡತೊಡಗಿದ ಮೇಲೆ, ಜಪಾನಿನಲ್ಲಿ ನೂಲು ತೆಗೆಯುವ ಬಗೆ ನೋಡಿ ಕಲಿತು ಬಾ ಎಂದು ತಂದೆ ನನ್ನನ್ನು ಇವರ ಬಳಿಗೆ ಕಳಿಸಿದರು. ಈಗ ರಾಮನಗರವಾಗಿರುವ ನಮ್ಮೂರನ್ನು ಆಗ ಎಲ್ಲರೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದರು.

ತಂದೆ ಕಳಿಸಿದ್ದು ನೂಲಿಗಾಗಿ. ನಾನು ಒಪ್ಪಿ ಹೊರಟದ್ದು ಮಾತ್ರ ಕುಸ್ತಿಗಾಗಿ. ಜಪಾನಿನ ಗಿಡ್ಡ ಜನ ಅಂಗಿಯ ಪಟ್ಟಿ ಹಿಡಿದು ದೈತ್ಯರಂಥವರನ್ನು ಒಗೆಯುತ್ತಾರಂತೆ ಎಂಬ ಸುದ್ದಿ ಮೈಸೂರಿನ ದಸರೆ ಅಖಾಡದಲ್ಲಿ ಹಬ್ಬಿತ್ತು. ಅದನ್ನು ಕಣ್ಣಾರೆ ನೋಡಬೇಕೆಂಬ ಹಟ ನನ್ನದು. ನಾನು ಉಸ್ತಾದ್ ಬುಡನ್ ಸಾಬರ ಗರಡಿಯ ಹುಡುಗ. ಬೆಳಗಾಗುವಷ್ಟರಲ್ಲಿ ನನ್ನ ಬಸ್ಕಿ ಸಾವಿರ ದಾಟಿರುತ್ತಿತ್ತು. ಆಮೇಲೆ ದಂಡ, ಆಮೇಲೆ ಮಣ್ಣು ಅಗೆತ, ಆಮೇಲೆ ಜೋಡಿ ಹಿಡಿದು ಕುಸ್ತಿ. ಸೋಮವಾರವೂ ಅಷ್ಟೆ, ಶನಿವಾರವೂ ಅಷ್ಟೆ. ಅಮಾವಾಸ್ಯೆಯೊಂದು ಬಿಟ್ಟರೆ ಗರಡಿಯ ಬಾಗಿಲು ಮುಚ್ಚುತ್ತಿರಲಿಲ್ಲ.

ಹಡಗಿನಲ್ಲಿ ಆ ಮೈ ಏನಾಯಿತು ಎನ್ನುವುದನ್ನು ಹೇಳಲು ನಾಚಿಕೆ. ಮುಂಬಯಿ ಬಿಟ್ಟ ಮಾರನೆಯ ದಿನ ಮೇಲಿನ ಅಟ್ಟದಲ್ಲಿ ಬಸ್ಕಿ ಹೊಡೆಯಲು ನಿಂತೆ. ಕೆಳಗೆ ಕೂರುವಷ್ಟರಲ್ಲಿ ಅಟ್ಟವೇ ಮೇಲೆದ್ದಿತು. ಅಲ್ಲಿಂದಾಚೆ ಕೋಬೆಯವರೆಗೂ ಬಹುಪಾಲು ಅಂಗಾತ ಮಲಗಿಯೇ ಕಳೆದೆ. ಅವಲಕ್ಕಿ, ಬೆಲ್ಲ ಮತ್ತು ಅಮ್ಮ ಕಟ್ಟಿದ ಹುರಿಟ್ಟು ಬಿಟ್ಟರೆ ಬೇರೇನೂ ಒಳಗೆ ನಿಲ್ಲಲಿಲ್ಲ.

ಶಿನ್‌ಶೂ ಬೆಟ್ಟಗಳ ಊರು

ರೈಲಿನಲ್ಲಿ ಹತ್ತಿ ಇಳಿದು ಹತ್ತಿ ಇಳಿದು ಬೆಟ್ಟಗಳ ನಡುವಿನ ತಾನಪ್ಪನವರ ಊರು ಸೇರಿದೆವು. ನಮ್ಮ ಕಡೆ ಬಂಡೆಯೆಂದರೆ ಬರಿಗಲ್ಲಿನ ಗುಡ್ಡ. ಇಲ್ಲಿ ಗುಡ್ಡದ ತುದಿಯವರೆಗೂ ಮರ, ಬುಡದಿಂದ ಹಿಡಿದು ಹಿಪ್ಪುನೇರಳೆ ತೋಟ. ಹಿಪ್ಪುನೇರಳೆ ಕಂಡದ್ದೇ ಮನೆಯವರನ್ನು ಕಂಡ ಹಾಗಾಯಿತು. ಆದರೆ ಆ ಸಮಾಧಾನ ಮನೆಯ ಹೊಸಲು ದಾಟುವವರೆಗೆ ಮಾತ್ರ.

ಆ ಮನೆಗೆ ಗೋಡೆಯೇ ಇರಲಿಲ್ಲ. ಮರದ ಚೌಕಟ್ಟಿಗೆ ಕಾಗದ ಅಂಟಿಸಿ ಅದನ್ನೇ ಬಾಗಿಲು ಎನ್ನುತ್ತಿದ್ದರು. ಕಳ್ಳ ಬಂದರೆ ಏನು ಗತಿ ಎಂದು ಕೇಳಬೇಕೆಂದುಕೊಳ್ಳುತ್ತಿದ್ದಂತೆ ನನ್ನ ಮೊಣಕೈ ಆ ಬಾಗಿಲನ್ನು ತೂರಿ ಆಚೆಗೆ ಹೋಗಿತ್ತು. ತಾನಪ್ಪನವರ ಹೆಂಡತಿ ಕತ್ತರಿ ತಂದರು. ಬಿಳಿ ಕಾಗದವನ್ನು ಹೂವಿನ ಆಕಾರಕ್ಕೆ ಕತ್ತರಿಸಿ ತೂತಿನ ಮೇಲೆ ಅಂಟಿಸಿ ಬಗ್ಗಿ ನಮಸ್ಕರಿಸಿ ಹೋದರು. ತಪ್ಪು ಮಾಡಿದ ನನಗೆ ಅವರೇ ಏಕೆ ನಮಸ್ಕರಿಸಿದರು ಎಂಬುದು ನನಗೆ ತಿಳಿಯಲಿಲ್ಲ.

ಊಟದ ಕಷ್ಟ ಬೇರೆ. ನಮ್ಮದು ಲಿಂಗವಂತರ ಮನೆ, ಮೊಟ್ಟೆಯೂ ಒಳಗೆ ಬಂದದ್ದಲ್ಲ. ಅಲ್ಲಿ ಸೊಪ್ಪಿನ ಸಾರಿಗೂ ಒಣಮೀನು ಕುದಿಸಿದ ನೀರೇ ಬುಡ. ನಾನು ಬಟ್ಟಲನ್ನು ದೂರ ಸರಿಸಿದಾಗ ತಾನಪ್ಪನವರು, "ಮೀನು ಎಲ್ಲೈತೆ ಬಸಣ್ಣ? ತೆಗ್ದಾಕ್ಬುಟ್ಟವ್ರೆ. ಬರೀ ಅದರ್ ನೀರು ಕಣಪ್ಪ," ಎಂದು ನನ್ನನ್ನು ಸಮಾಧಾನಪಡಿಸಲು ನೋಡಿದರು. ಆ ದಿನದಿಂದ ಅನ್ನ, ಉಪ್ಪು, ಹುಳಿ ಹಣ್ಣಿನ ಉಪ್ಪಿನಕಾಯಿ ಮತ್ತು ಮೊಸರಿನಂತೆ ಕಂಡರೂ ಮೊಸರಲ್ಲದ ಒಂದು ಬಿಳಿ ಗಡ್ಡೆ ನನ್ನ ಆಹಾರ. ರಾಗಿ ಎಂದರೆ ಅವರು ಹಕ್ಕಿಗೆ ಹಾಕುವ ಕಾಳನ್ನು ತಂದು ತೋರಿಸಿದರು.

ಊರಿನ ಸ್ನಾನದ ಮನೆಯಂತೂ ನನ್ನನ್ನು ಬೆಚ್ಚಿಬೀಳಿಸಿತು. ಊರ ಗಂಡಸರೆಲ್ಲ ಮೈಮೇಲೆ ನೂಲಿನ ಎಳೆಯಿಲ್ಲದೆ ಒಂದೇ ತೊಟ್ಟಿಯ ಕುದಿನೀರಿನಲ್ಲಿ ಕತ್ತಿನವರೆಗೆ ಮುಳುಗಿ ಹರಟೆ ಹೊಡೆಯುತ್ತಿದ್ದರು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಎತ್ತರದ ಪೀಠದ ಮೇಲೆ ಒಬ್ಬ ಮುದುಕಿ ಕುಳಿತು ಎರಡೂ ಕಡೆ ಕಣ್ಣಿಟ್ಟಿದ್ದಳು. ನಾನು ಲಂಗೋಟಿಯಲ್ಲೇ ತೊಟ್ಟಿಯ ಕಡೆ ಹೊರಟಾಗ ಅವಳು ತಡೆದು ನನ್ನ ಕೊರಳ ಕರಡಿಗೆಯನ್ನೂ ಲಂಗೋಟಿಯನ್ನೂ ಬೆರಳು ಮಾಡಿ ತೋರಿಸಿದಳು. ಕರಡಿಗೆಯಲ್ಲಿ ನಮ್ಮ ದೇವರಿದೆ ಎಂದು ತಾನಪ್ಪನವರು ತಿಳಿಸಿದರು. ಅವಳು ಕೂತಲ್ಲಿಂದಲೇ ಕೈಮುಗಿದಳು. ಲಂಗೋಟಿಯ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ.

ಒಕುದಾ ಮೇಷ್ಟರ ಮನೆ

ಹಗಲು ನೂಲಿನ ಕಾರ್ಖಾನೆ. ಸಂಜೆ ಜುಜುತ್ಸು ಎಂಬ ಅವರ ಕುಸ್ತಿ ಕಲಿಸುವ ಮನೆ ತೋರಿಸಿ ಎಂದು ತಾನಪ್ಪನವರ ಬೆನ್ನು ಹತ್ತಿದೆ. ಅವರು ಕರೆದುಕೊಂಡು ಹೋದದ್ದು ಮೂಳೆ ಕೂಡಿಸುವ ಒಬ್ಬ ವೈದ್ಯರ ಮನೆಗೆ. ಆ ದೇಶದಲ್ಲಿ ಮೂಳೆ ಮುರಿಯುವುದನ್ನು ಕಲಿಸುವವರೇ ಅದನ್ನು ಕೂಡಿಸುವವರೂ ಆಗಿರುತ್ತಾರಂತೆ. ಮುಂದಿನ ಕೋಣೆಯಲ್ಲಿ ತೋಳು ಜಾರಿದ ಹೆಂಗಸು ನರಳುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಹುಲ್ಲಿನ ಚಾಪೆಗಳ ಮೇಲೆ ಹತ್ತಾರು ಜನ ಧಪಧಪನೆ ಬೀಳುತ್ತಿದ್ದರು. ಈ ವೈದ್ಯರೇ ಒಕುದಾ ಮೇಷ್ಟರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ನನ್ನ ತೊಡೆಗಳನ್ನು ಎತ್ತು ಕೊಳ್ಳುವವರ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕಸರತ್ತು ಮಾಡದೆ ಎಷ್ಟು ದಿನವಾಯಿತು ಎಂದು ತಾನಪ್ಪನವರ ಬಾಯಲ್ಲಿ ಕೇಳಿಸಿದರು. ಹಡಗು ಹತ್ತಿದಾಗಿನಿಂದ ಎಂದೆ. ಹಾಗಾದರೆ ಈ ವಾರ ಬರೀ ಬೀಳುವುದನ್ನು ಕಲಿ ಎಂದರು.

ನಾನು ತಪ್ಪು ಕೇಳಿಸಿಕೊಂಡೆನೆಂದುಕೊಂಡೆ. ನಮ್ಮ ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು, ಅದು ಸೋಲು. ಮನೆಗೆ ಹೋಗಿ ಮುಖ ಮುಚ್ಚಿಕೊಂಡು ಮಲಗಬೇಕು. ಇಲ್ಲಿ ಗುರುವಾದವನು ಮೊದಲನೆಯ ದಿನವೇ ಬೆನ್ನ ಮೇಲೆ ಬೀಳು ಎನ್ನುತ್ತಿದ್ದ. ಕರಡಿಗೆಯನ್ನು ತೋಳಿಗೆ ಬಿಗಿದು ಕಟ್ಟಿಕೊಂಡು ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ವಾರವಿಡೀ ಬಿದ್ದದ್ದೇ ಆಯಿತು.

ಅದಕ್ಕಿಂತ ದಿಗ್ಭ್ರಮೆ ಹುಟ್ಟಿಸಿದ್ದು ಅವರ ವಾರದ ಕ್ರಮ. ಎಲ್ಲರೂ ಮೈಮುರಿದು ಜೋಡಿ ಹಿಡಿಯುತ್ತಿದ್ದುದು ವಾರದಲ್ಲಿ ಎರಡೇ ದಿನ. ಆ ಎರಡು ದಿನಗಳ ಮಾರನೆಯ ದಿನ ಪಟ್ಟುಗಳನ್ನು ನಿಧಾನವಾಗಿ, ಬಲ ಹಾಕದೆ, ನಾಟಕದವರ ಹಾಗೆ ಆಡಿ ತೋರಿಸುವುದು. ಒಂದು ದಿನ ಒಬ್ಬರ ಕೈಕಾಲು ಒಬ್ಬರು ನೀವುವುದು. ಒಂದು ದಿನ ಬೀಳುವುದು ಮಾತ್ರ. ಉಳಿದ ದಿನ ಬಾಗಿಲೇ ತೆಗೆಯುತ್ತಿರಲಿಲ್ಲ. ಜೋಡಿಯ ದಿನದ ಕೆಲಸವನ್ನು ವಾರದಿಂದ ವಾರಕ್ಕೆ ಒಂದಿಷ್ಟೇ ಏರಿಸುತ್ತಿದ್ದರು. ಹಾಗೆ ಕೆಲವು ವಾರ ಏರಿಸಿದ ಮೇಲೆ, ಎಲ್ಲರೂ ಹುರುಪಿನಲ್ಲಿದ್ದಾಗಲೇ ಅರ್ಧಕ್ಕೆ ಇಳಿಸಿಬಿಡುತ್ತಿದ್ದರು. ಒಂದು ಸಂಜೆ ಗೂಳಿಯಂಥ ಒಬ್ಬ ಶಿಷ್ಯ ಇನ್ನೆರಡು ಜೋಡಿ ಕೊಡಿ ಎಂದು ಮಂಡಿಯೂರಿ ಬೇಡಿಕೊಂಡ. ಮೇಷ್ಟರು ಅವನ ಕುತ್ತಿಗೆಯ ಹಿಂದೆ ಒತ್ತಿ ನೋಡಿ ಮನೆಗೆ ಕಳಿಸಿದರು. ನಮ್ಮ ಗರಡಿಯಲ್ಲಿ ಕಸರತ್ತು ನಿಲ್ಲಿಸಿದವನಿಗೆ ಬೆತ್ತದ ಏಟು ಬೀಳುವುದನ್ನು ನಾನು ಕಂಡಿದ್ದೆ. ಮಾಡುತ್ತೇನೆ ಎನ್ನುವವನನ್ನು ಹೊರಗೆ ಕಳಿಸುವ ಗರಡಿಯನ್ನು ಕಂಡಿರಲಿಲ್ಲ.

ಇದೇನು ಸೋಮಾರಿತನ ಎಂದು ತಾನಪ್ಪನವರ ಹತ್ತಿರ ಹೇಳಿಯೂಬಿಟ್ಟೆ. ಅವರು ರೇಷ್ಮೆಯವರು, ಹುಳುವಿನ ಭಾಷೆಯಲ್ಲೇ ಉತ್ತರಿಸಿದರು. ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಅಲ್ಲಾಡದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ, ಅವರು ನಿದ್ದೆ ಎನ್ನುತ್ತಾರೆ.

"ಜ್ವರಕ್ಕೆ ಕುಂತಿರೋ ಹುಳಕ್ಕೆ ಸೊಪ್ಪು ಹಾಕ್ತೀರಾ ನಿಮ್ಮೂರಲ್ಲಿ?" ಎಂದು ಕೇಳಿದರು.

ಹುಳು ಬೇರೆ, ಪೈಲ್ವಾನ ಬೇರೆ ಎಂದುಕೊಂಡೆ.

ಹೊಳೆಯ ದಂಡೆ

ಬಿದ್ದು ಬಿದ್ದು ಕೊನೆಗೊಂದು ಸಂಜೆ ಜೋಡಿ ಹಿಡಿಯಲು ಅಪ್ಪಣೆಯಾಯಿತು. ಎದುರಿಗೆ ನಿಂತವನು ಊರಿನ ಕ್ಷೌರಿಕ, ನನ್ನ ಭುಜಕ್ಕೂ ಬಾರದ ಆಳು. ಇವನನ್ನು ಎತ್ತಿ ಮೆಲ್ಲಗೆ ಇಳಿಸಿದರೆ ಸಾಕು ಎಂದುಕೊಂಡು ಮುಂದೆ ಹೆಜ್ಜೆಯಿಟ್ಟೆ. ಆ ಹೆಜ್ಜೆ ನೆಲ ಮುಟ್ಟಲೇ ಇಲ್ಲ. ಪಾದವನ್ನು ಬದಿಯಿಂದ ಗುಡಿಸಿದಂತೆ ಗುಡಿಸಿಬಿಟ್ಟಿದ್ದ. ಬೀಳುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದರಿಂದ ಮಾತ್ರ ತಲೆ ಉಳಿಯಿತು. ಮೂರು ಸಲ ಹಿಡಿದೆವು, ಮೂರು ಸಲವೂ ನಾನೇ ಮೇಲೆ ನೋಡುತ್ತ ಮಲಗಿದ್ದೆ.

ಹಡಗಿನಲ್ಲಿ ಮೈ ಕಳೆದುಕೊಂಡದ್ದೇ ಇದಕ್ಕೆ ಕಾರಣ, ಈ ಮನೆಯ ಸೋಮಾರಿ ಕ್ರಮದಲ್ಲಿ ಅದು ಮರಳಿ ಬರುವುದಿಲ್ಲ ಎಂದು ತೀರ್ಮಾನಿಸಿದೆ. ಮೇಷ್ಟರ ಬಾಗಿಲು ಮುಚ್ಚುವ ದಿನ ಬರುವವರೆಗೆ ಕಾದೆ. ಬೆಳಕು ಹರಿಯುತ್ತಲೂ ಹೊಳೆಯ ದಂಡೆಗೆ ಹೋಗಿ, ರುಮಾಲು ತೆಗೆದಿಟ್ಟು ಬಸ್ಕಿಗೆ ನಿಂತೆ. ಒಂದಷ್ಟು ಹೆಂಗಸರು ಕೊರೆಯುವ ನೀರಿನಲ್ಲಿ ತೋಳುದ್ದದ ಮೂಲಂಗಿ ತೊಳೆಯುತ್ತಿದ್ದರು. ಮೊದಲು ನಕ್ಕರು. ಆಮೇಲೆ ಕೈಕೆಲಸ ಬಿಟ್ಟು ತಮ್ಮ ಭಾಷೆಯಲ್ಲಿ ಎಣಿಸತೊಡಗಿದರು. ನೋಡುವವರಿದ್ದರೆ ಪೈಲ್ವಾನನ ಬುದ್ಧಿ ನೆಟ್ಟಗಿರುವುದಿಲ್ಲ. ಊರಿನ ಲೆಕ್ಕ ಮುಟ್ಟಿದೆ, ದಾಟಿದೆ. ತೊಡೆ ಉರಿಯುತ್ತಿತ್ತು, ಆ ಉರಿ ನನಗೆ ಹಳೆಯ ಸ್ನೇಹಿತನಂತೆ ಕಂಡಿತು. ನಿಲ್ಲಿಸಿದಾಗ ಹೆಂಗಸರು ಚಪ್ಪಾಳೆ ತಟ್ಟಿ ಒಂದು ಮೂಲಂಗಿ ಕೊಟ್ಟರು. ಅದನ್ನು ಹೆಗಲ ಮೇಲಿಟ್ಟುಕೊಂಡು ಗೆದ್ದವನಂತೆ ಮನೆಗೆ ಬಂದೆ.

ಮರುದಿನ ತೊಡೆಗಳು ಮರದ ಕೊರಡಾಗಿದ್ದವು. ಮೈನೋವು ನನಗೆ ಹೊಸದಲ್ಲ, ಕುಂಟುತ್ತಲೇ ಕಾರ್ಖಾನೆಗೆ ಹೋದೆ. ಅದರ ಮರುದಿನ ಬೆಳಿಗ್ಗೆ ಹಿತ್ತಲ ಕಕ್ಕಸಿಗೆ ಕಂಬ ಕಂಬ ಹಿಡಿದುಕೊಂಡು ಹೋಗಿ ನಿಂತು ಕೆಳಗೆ ನೋಡಿದೆ. ನನ್ನ ಮೈಯಿಂದ ಹೋಗುತ್ತಿದ್ದುದು ಕಾಫಿಯ ಡಿಕಾಕ್ಷನ್ ಬಣ್ಣದ ನೀರು.

ಆ ಬಣ್ಣವನ್ನು ನಾನು ಮೊದಲೇ ಕಂಡಿದ್ದೆ.

ಕಾಗದದ ಬಾಗಿಲ ಹಿಂದೆ

ನಂಜುಂಡಣ್ಣ ನಮ್ಮ ದೊಡ್ಡಪ್ಪನ ಮಗ. ಕ್ಲೋಸ್‌ಪೇಟೆ ಗರಡಿಯಲ್ಲಿ ಅವನಿಗೆ ಸರಿಸಮಾನ ಇರಲಿಲ್ಲ. ನಾನು ಜಪಾನಿಗೆ ಹೊರಡುವುದಕ್ಕೆ ಕೆಲವು ವರ್ಷ ಮುಂಚೆ ಎತ್ತು ಪಾದ ತುಳಿದು, ಒಂದು ತಿಂಗಳಿಗೂ ಮೇಲೆ ಮಂಚ ಹಿಡಿದ. ಗಾಯ ಮಾಯುವ ವೇಳೆಗೆ ದಸರೆ ಹತ್ತಿರ ಬಂದಿತ್ತು. ಅವನನ್ನು ಬೇಗ ಅಣಿಗೊಳಿಸಬೇಕೆಂದು ಉಸ್ತಾದರು ಮೊದಲ ದಿನದಿಂದಲೇ ಅವನ ಹಳೆಯ ಲೆಕ್ಕಕ್ಕಿಂತ ಹೆಚ್ಚು ಬಸ್ಕಿ ಹಾಕಿಸಿದರು. ಅದೇ ದಿನ ಸಂಜೆ ಮಾಗಡಿಯಿಂದ ಪೈಲ್ವಾನ್ ಗಂಗಣ್ಣ ಅವನನ್ನು ನೋಡಲು ಬಂದ. ದಸರೆಯಲ್ಲಿ ಇಬ್ಬರಿಗೂ ಜೋಡಿ ಬಿದ್ದಿತ್ತು, ಆದರೂ ಸ್ನೇಹಿತರು. ಗಂಗಣ್ಣನ ಮನೆಯದು ಹಾಲಿನ ವ್ಯಾಪಾರ. ಬರುವಾಗ ಒಂದು ಚೊಂಬು ಹಾಲು ತಂದಿದ್ದ. ನಂಜುಂಡಣ್ಣ ನನ್ನ ಕಣ್ಣೆದುರಿಗೇ ಅದನ್ನು ಕುಡಿದ.

ಎರಡು ದಿನಕ್ಕೆ ಅವನ ಮೂತ್ರ ಕಪ್ಪಗಾಯಿತು. ಆಮೇಲೆ ಅದೂ ನಿಂತಿತು. ಮುಖ ಊದಿಕೊಂಡು, ವಾರ ತುಂಬುವುದರೊಳಗೆ ತೀರಿಕೊಂಡ.

ಗಂಗಣ್ಣ ಹಾಲಿನಲ್ಲಿ ಮದ್ದು ಹಾಕಿದ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಮಣ್ಣು ಮಾಡಿ ಬರುವ ಹೊತ್ತಿಗೆ ಎಲ್ಲರೂ ಹೇಳುತ್ತಿದ್ದರು. ಮುಂದೆ ಯಾವ ಗರಡಿಯಲ್ಲೂ ಅವನ ಕೈ ಹಿಡಿಯುವವರಿರಲಿಲ್ಲ. ಅವನ ಮನೆಯ ಹಾಲು ಕೊಳ್ಳುವವರಿಲ್ಲದೆ ಹಸುಗಳನ್ನು ಮಾರಿದರು. ನಿಶ್ಚಯವಾಗಿದ್ದ ಅವನ ತಂಗಿಯ ಮದುವೆ ಮುರಿಯಿತು. ನಂಜುಂಡಣ್ಣನ ತಾಯಿ, ನಮ್ಮ ದೊಡ್ಡಮ್ಮ, ಮಾಗಡಿಯ ದಾರಿ ಕಂಡರೆ ಶಾಪ ಹಾಕಿ ಹಿಡಿ ಮಣ್ಣು ತೂರುತ್ತಿದ್ದರು.

ಈಗ ಅದೇ ನೀರು ನನ್ನ ಮೈಯಿಂದ ಬರುತ್ತಿತ್ತು. ಸಮುದ್ರದಾಚೆ ನನಗೆ ಮದ್ದು ಹಾಕುವವರು ಯಾರು? ತಾನಪ್ಪನವರ ಹೆಂಡತಿ ಬಿಸಿನೀರಿನ ಬಟ್ಟಲು ತಂದು ಪಕ್ಕದಲ್ಲಿಟ್ಟರು. ಬಾಗಿಲಿನ ತೂತಿಗೆ ಹೂವು ಅಂಟಿಸಿದ ಆ ತಾಯಿಯ ಕೈಯನ್ನೇ ಆ ಗಳಿಗೆಯಲ್ಲಿ ಸಂಶಯದಿಂದ ನೋಡಿದೆ. ನೀರು ಮುಟ್ಟಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದ್ದರೂ ಮುಟ್ಟಲಿಲ್ಲ.

ಒಕುದಾ ಮೇಷ್ಟರು ಬಂದರು. ತೊಡೆ ಒತ್ತಿದರು, ನನ್ನ ಮೂತ್ರ ಹಿಡಿದಿಟ್ಟ ಪಾತ್ರೆಯನ್ನು ಬೆಳಕಿಗೆ ಒಡ್ಡಿ ನೋಡಿದರು. ಎಷ್ಟು ಬಸ್ಕಿ ಹೊಡೆದೆ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ತಾನಪ್ಪನವರು ಹೇಳಿಬಿಟ್ಟರು; ಹೊಳೆಯ ಹೆಂಗಸರು ಎಣಿಸಿದ ಲೆಕ್ಕ ಊರಿಗೆಲ್ಲ ಗೊತ್ತಾಗಿತ್ತು. ಮೇಷ್ಟರ ಮುಖ ಬಿಳಿಚಿಕೊಂಡಿತು. ಅಷ್ಟು ಗಟ್ಟಿಮನುಷ್ಯ ಹೆದರಿದ್ದನ್ನು ನೋಡಿ ನನಗೆ ಸಾವೇ ಎದುರು ನಿಂತಂತಾಯಿತು. ನೀರು ಕುಡಿ, ಹೊಟ್ಟೆ ಬಿರಿಯುವಷ್ಟು ಕುಡಿ ಎಂದರು. ನಾನು ಬಾಯಿ ಬಿಗಿಹಿಡಿದು ಮುಖ ತಿರುಗಿಸಿದೆ. ತಾನಪ್ಪನವರಿಗೆ ಅರ್ಥವಾಯಿತು. ನಮ್ಮ ಕಡೆ ಅಷ್ಟು ವರ್ಷ ಇದ್ದವರಿಗೆ ಮದ್ದಿನ ಭಯ ಗೊತ್ತಿಲ್ಲದೆ ಇರುತ್ತದೆಯೇ? ಬಟ್ಟಲೆತ್ತಿ ಅರ್ಧ ತಾವು ಕುಡಿದರು.

"ಇಗಾ, ನಾನೂ ಕುಡ್ದಿವ್ನಿ. ಸಾಯದಾದ್ರೆ ಇಬ್ರೂ ಸಾಯವ. ಕುಡಿ."

ಕುಡಿದೆ. ಆಮೇಲೆ ಬಾರ್ಲಿ ಕುದಿಸಿದ ನೀರು, ಬರೀ ನೀರು, ಮತ್ತೆ ಬಾರ್ಲಿಯ ನೀರು. ಮೇಷ್ಟರು ಮುಂದಿನ ಕೋಣೆಯ ರೋಗಿಗಳನ್ನು ಬಿಟ್ಟು ನನ್ನ ಪಕ್ಕದಲ್ಲೇ ಕೂತರು. ಪಾತ್ರೆಯ ಬಣ್ಣ ಡಿಕಾಕ್ಷನ್‌ನಿಂದ ಚಹಾಕ್ಕೆ, ಚಹಾದಿಂದ ಒಣಹುಲ್ಲಿನ ಬಣ್ಣಕ್ಕೆ ಇಳಿದ ದಿನ ಅವರು ಮೊದಲ ಸಲ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡರು.

ಆಗ ವಿಷಯ ಬಿಡಿಸಿ ಹೇಳಿದರು. ಬೆಟ್ಟ ಕುಸಿದು ಮನೆಯಡಿ ಸಿಕ್ಕಿ ತೊಡೆ ಜಜ್ಜಿದವರಲ್ಲಿ ಈ ಕಪ್ಪು ನೀರನ್ನು ಅವರು ಕಂಡಿದ್ದರಂತೆ. ಜಜ್ಜಿದ ಮಾಂಸ ಕರಗಿ ರಕ್ತಕ್ಕೆ ಸೇರಿ, ಹೊರಗೆ ಹೋಗುವ ದಾರಿಯನ್ನೇ ಕಟ್ಟಿಬಿಡುತ್ತದೆ ಎಂಬುದು ಅವರ ತಿಳಿವಳಿಕೆ. ಮೇಲಿನಿಂದ ತೊಲೆ ಬಿದ್ದರೂ ಒಂದೇ, ಅಭ್ಯಾಸ ಬಿಟ್ಟಿದ್ದವನು ಒಂದೇ ಏಟಿಗೆ ಮಿತಿಮೀರಿ ಕಸರತ್ತು ಮಾಡಿದರೂ ಒಂದೇ. ತಾವು ಚಿಕ್ಕಂದಿನಲ್ಲಿ ಕಲಿತ ಮನೆಯಲ್ಲಿ ದೀರ್ಘ ಕಾಯಿಲೆಯಿಂದ ಎದ್ದು ಬಂದ ಒಬ್ಬ ಶಿಷ್ಯ ಹೀಗೆಯೇ ಸತ್ತನಂತೆ. ವಾರದಲ್ಲಿ ಎಷ್ಟು ಹೊರೆ, ಎಷ್ಟು ಬಿಡುವು, ಬಿಟ್ಟವನು ಎಲ್ಲಿಂದ ಶುರುಮಾಡಬೇಕು ಎಂದು ಅವರು ತೂಗಿನೋಡತೊಡಗಿದ್ದು ಅಲ್ಲಿಂದ. ಮಾಂಸ ಬೆಳೆಯುವುದು ಬಿಡುವಿನ ದಿನ, ಜೋಡಿಯ ದಿನವಲ್ಲ ಎಂದರು.

ನಾನು ನಂಜುಂಡಣ್ಣನ ಸಾವಿನ ಕಥೆ ಹೇಳಿದೆ. ತಾನಪ್ಪನವರು ಒಂದೊಂದೇ ಮಾತನ್ನು ಅವರ ಭಾಷೆಗೆ ಮಾಡಿದರು. ಮೇಷ್ಟರು ಒಂದೇ ಪ್ರಶ್ನೆ ಕೇಳಿದರು: ಅವನೂ ಅದಕ್ಕೆ ಮುಂಚೆ ಬಹಳ ದಿನ ಮಲಗಿದ್ದನೇ? ಎತ್ತು ತುಳಿದದ್ದನ್ನು ಹೇಳಿದೆ. ಅವರು ತಲೆ ತಗ್ಗಿಸಿದರು. ತಾನಪ್ಪನವರು ನನ್ನ ಕಡೆ ತಿರುಗಿ, "ಹಾಲಲ್ಲ ಬಸಣ್ಣ, ಬಸ್ಕಿ," ಎಂದರು.

ನನಗೆ ಬಂದ ಕಾಯಿಲೆಗಿಂತ ಆ ಮಾತು ನನ್ನನ್ನು ಹೆಚ್ಚು ನಡುಗಿಸಿತು. ಒಬ್ಬನನ್ನು ಊರಿಗೆ ಊರೇ ಸೇರಿ ಕೊಲೆಗಾರನನ್ನಾಗಿ ಮಾಡಿದ್ದೆವು.

ಚಳಿಗಾಲವೆಲ್ಲ ಮೇಷ್ಟರು ಹೇಳಿದಷ್ಟನ್ನೇ ಮಾಡಿದೆ. ಮೊದಲ ವಾರ ಹೊಳೆಯವರೆಗೆ ನಡೆದು ಬರುವುದು. ಆಮೇಲೆ ಬೆರಳಿನಲ್ಲಿ ಎಣಿಸಬಹುದಾದಷ್ಟು ಬಸ್ಕಿ. ಮಾರನೆಯ ದಿನದ ನಿದ್ದೆ, ಹಸಿವು, ತೊಡೆಯ ಬಿಗಿ ನೋಡಿಕೊಂಡು ಮುಂದಿನ ವಾರಕ್ಕೆ ಒಂದಿಷ್ಟು. ಹಿಪ್ಪುನೇರಳೆ ಚಿಗುರುವ ಹೊತ್ತಿಗೆ ಜೋಡಿಗೆ ಇಳಿದೆ. ಹೊರಡುವ ಮುಂಚೆ ಆ ಕ್ಷೌರಿಕನನ್ನು ಒಂದೇ ಒಂದು ಸಲ ಕೆಡವಿದೆ. ಅವನು ಬಿದ್ದಲ್ಲಿಂದಲೇ ನಗುತ್ತ ನನಗೆ ನಮಸ್ಕರಿಸಿದ.

ಕ್ಲೋಸ್‌ಪೇಟೆ

ಊರಿಗೆ ಬಂದ ಮೇಲೆ ನೂಲಿನ ವಿಷಯ ತಂದೆಗೆ ಹೇಳಲು ಒಂದು ಸಂಜೆ ಸಾಕಾಯಿತು. ಉಸ್ತಾದರ ಹತ್ತಿರ ಹೋಗಲು ಕಾಲು ಬರಲಿಲ್ಲ. ಗಂಗಣ್ಣ ನಿರಪರಾಧಿ ಎಂದರೆ ಆ ಬಸ್ಕಿ ಹಾಕಿಸಿದವರು ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ನಂಜುಂಡಣ್ಣನನ್ನು ಅವರು ಸ್ವಂತ ಮಗನಿಗಿಂತ ಹೆಚ್ಚಾಗಿ ಸಾಕಿದ್ದರು. ಮಣ್ಣು ಮಾಡಿದ ದಿನ ಸಮಾಧಿಯ ಬಳಿಯಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾಗಿತ್ತು.

ಕೊನೆಗೊಂದು ಮಧ್ಯಾಹ್ನ, ಗರಡಿ ಖಾಲಿಯಿದ್ದಾಗ ಹೋಗಿ ಕಾಲಿಗೆ ಬಿದ್ದು, ನನಗಾದದ್ದನ್ನಷ್ಟೇ ಹೇಳಿದೆ. ಹಡಗು, ಹೊಳೆ, ಬಸ್ಕಿ, ಕಪ್ಪು ನೀರು. ನಂಜುಂಡಣ್ಣನ ಹೆಸರೆತ್ತಲಿಲ್ಲ. ಬುಡನ್ ಸಾಬರು ಕೆಮ್ಮಣ್ಣನ್ನು ಕೈಯಲ್ಲಿ ಪುಡಿ ಮಾಡುತ್ತ ಕೇಳಿದರು. ಮುಗಿದ ಮೇಲೆ ಕೈ ನಿಂತಿತು.

"ಬಣ್ಣ ಅದೇನಾ?"

"ಅದೇ, ಉಸ್ತಾದ್."

"ಯಾರೂ ಏನೂ ಹಾಕಿರ್ನಿಲ್ಲ ನಿಂಗೆ?"

"ಯಾರೂ ಇಲ್ಲ."

ಅವರು ಬೈಯುತ್ತಾರೆ, ಬೆತ್ತ ಎತ್ತುತ್ತಾರೆ ಎಂದು ಕಾದೆ. ಅವರು ಗೋಡೆಗೆ ಒರಗಿದರು. ಆ ದೇಹ ನನ್ನ ಕಣ್ಣೆದುರಿಗೇ ಮುದುಕನದಾಯಿತು.

ಮರುದಿನ ಅವರೇ ನಮ್ಮ ದೊಡ್ಡಮ್ಮನ ಮನೆಗೆ ಹೋಗಿ ಜಗಲಿಯ ಕೆಳಗೆ ನಿಂತು ವಿಷಯ ತಿಳಿಸಿದರು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬದುಕಿರುವವರೆಗೂ ಅವರು ಉಸ್ತಾದರನ್ನು ಮಾತಾಡಿಸಲಿಲ್ಲ.

ಆ ವರ್ಷದಿಂದ ನಮ್ಮ ಗರಡಿಯ ವಾರ ಬದಲಾಯಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜೋಡಿ ಎರಡು ದಿನ, ಬಿಡುವು ಒಂದು ದಿನ, ಉಳಿದದ್ದು ಹಗುರ. ಜ್ವರದಿಂದಲೋ ಗಾಯದಿಂದಲೋ ಎದ್ದುಬಂದವನು ಎಷ್ಟೇ ದೊಡ್ಡ ಪೈಲ್ವಾನನಾಗಿರಲಿ, ಹೊಸ ಹುಡುಗರ ಸಾಲಿನಲ್ಲಿ ನಿಂತು ಶುರುಮಾಡಬೇಕು. ಚನ್ನಪಟ್ಟಣದ ಗರಡಿಯವರು ಇದನ್ನು ಕೇಳಿ ಬಹಳ ನಕ್ಕರು. ಕನಕಾನಹಳ್ಳಿಯವರು ನೋಡಲು ಬಂದು ನಗದೆ ಹೋದರು.

ಮಾಗಡಿ

ಉಸ್ತಾದರು ಗಾಡಿ ಬೇಡವೆಂದರು. ಮಾಗಡಿಯವರೆಗೆ ನಡೆದೇ ಹೋದೆವು.

ಗಂಗಣ್ಣ ಮನೆಯ ಮುಂದೆ ನೊಗಕ್ಕೆ ಹಗ್ಗ ಸುತ್ತುತ್ತಿದ್ದ. ಒಂದು ಕಾಲಕ್ಕೆ ಅಖಾಡದ ಬಾಗಿಲು ತುಂಬಿ ಬರುತ್ತಿದ್ದ ಆಳು. ಈಗ ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದವು. ನಮ್ಮನ್ನು ಕಂಡು ಎದ್ದುನಿಂತ, ಬನ್ನಿ ಎನ್ನಲಿಲ್ಲ. ಹೊಡೆಯಲು ಬಂದಿ­ದ್ದೇವೆ ಎಂದುಕೊಂಡನೋ ಏನೋ, ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಹಾಕಿ ಸುಮ್ಮನೆ ನಿಂತ. ತಡೆಯುವ ಮನಸ್ಸೂ ಅವನಿಗೆ ಇದ್ದಂತೆ ಕಾಣಲಿಲ್ಲ.

ಉಸ್ತಾದರು ಅಂಗಳದಲ್ಲಿ ನಿಂತೇ ಹೇಳಿದರು. ನನಗೆ ಜಪಾನಿನಲ್ಲಿ ಆದದ್ದನ್ನು ಹೇಳಿದರು. ನಂಜುಂಡನಿಗೆ ತಾವು ಹಾಕಿಸಿದ ಬಸ್ಕಿಯ ವಿಷಯ ಹೇಳಿದರು. ಯಾವುದನ್ನೂ ಮುಚ್ಚಿಡಲಿಲ್ಲ. ಗಂಗಣ್ಣ ಕೂಗಾಡುತ್ತಾನೆ, ಇಷ್ಟು ವರ್ಷದ ಸಿಟ್ಟನ್ನೆಲ್ಲ ನಮ್ಮ ಮೇಲೆ ಸುರಿಯುತ್ತಾನೆ ಎಂದು ನಾನು ಅಣಿಯಾಗಿದ್ದೆ. ಅವನು ಜಗಲಿಯ ಅಂಚಿಗೆ ಮೆಲ್ಲಗೆ ಕುಳಿತ.

"ಹಾಲು ಒಸಿ ಹುಳಿ ವಾಸ್ನೆ ಹೊಡೀತಿತ್ತು ಸಾಬ್ರೆ," ಎಂದ. "ಅವತ್ತು ದಾರೀಲಿ ಬಿಸ್ಲು ಜೋರಾಗಿತ್ತು. ಚೆಲ್ಬುಡವಾ ಅನ್ಕಂಡೆ. ಬರಿಗೈಲಿ ಹೆಂಗ್ ಹೋಗದು ಅಂತ ಕೊಟ್ಬುಟ್ಟೆ. ಜನ ಅಂದಿದ್ದೇ ದಿಟ, ನಾನೇ ಕೊಂದಿವ್ನಿ ಅಂತ್ಲೇ ಇದ್ದೆ ಇಷ್ಟ್ ವರ್ಸ."

ನಾವು ಅವನ ಮೇಲೆ ಹೊರಿಸಿದ್ದನ್ನು ಅವನೂ ನಂಬಿಕೊಂಡಿದ್ದಾನೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ಹಾಲಿಂದಲ್ಲ ಕಣಯ್ಯ," ಎಂದರು ಉಸ್ತಾದರು. "ನನ್ನಿಂದ."

ಗಂಗಣ್ಣ ಅವರ ಮುಖವನ್ನೇ ನೋಡಿದ. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಆಕೆ ಸೆರಗು ಹೊದ್ದು ಬಾಗಿಲ ಮರೆಗೆ ಬಂದರು.

"ಇವ್ಳಿಗೂ ಒಂದ್ಸಲ ಹೇಳಿ ಸಾಬ್ರೆ," ಎಂದ.

ಗರಡಿಯಲ್ಲಿ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳದ ಮನುಷ್ಯ ಉಸ್ತಾದರು. ಅವರು ಮೊದಲಿನಿಂದ ಮತ್ತೆ ಹೇಳಿದರು. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯವರು ಇಣುಕಿದರು. ಉಸ್ತಾದರು ಅವರನ್ನೂ ಹತ್ತಿರ ಕರೆದು ಹೇಳಿದರು. ಅಲ್ಲಿಗೆ ನಿಲ್ಲಿಸಲಿಲ್ಲ. ಅದರಾಚೆ ಮನೆಯ ಜಗಲಿಯ ಮುಂದೆ ಹೋಗಿ ನಿಂತರು, ಅದರಾಚೆ ಮನೆಗೂ ಹೋದರು. ಹೀಗೆ ಬೀದಿಯ ಕೊನೆಯವರೆಗೂ ಪ್ರತಿ ಬಾಗಿಲಿನಲ್ಲೂ ಅದೇ ಮಾತು ಹೇಳುತ್ತ ನಡೆದರು. ಗಂಗಣ್ಣ ತಲೆಯೆತ್ತಿಕೊಂಡು ಅವರ ಪಕ್ಕದಲ್ಲಿ ನಡೆಯುತ್ತಿದ್ದ.